ಆಪರೇಷನ್ ಆದ ಹಿರಿಯರಿಗೆ ವಾರ್ಡಿನಾಗೇ ನ್ಯುಮೋನಿಯಾ: ಬ್ರಷ್, ಕುರ್ಚಿ, ನೀರಿನ ಬಾಟಲಿ ಯಾರ ಕೆಲಸ?

ವಾರ್ಡ್_ಇನ್‌ಚಾರ್ಜ್ (ಯಾದಗಿರಿ ಜಿಲ್ಲೆ)

ಎಲ್ಲಾರಿಗೂ ನಮಸ್ಕಾರ್ರಿ. 30 ಹಾಸಿಗಿಯ ಸರ್ಜರಿ ಮತ್ತು ಮೂಳಿ ವಾರ್ಡಿಗೆ ಒಂದು ಹಾಳಿ ಪದ್ಧತಿ ಬರೀಬೇಕಾಗ್ಯದ. ವಿಷಯ ಇಷ್ಟೇ: 65 ದಾಟಿದವರಿಗೆ ಆಪರೇಷನ್ ಆಗಿ ಮೂರನೇ ನಾಕನೇ ದಿನಕ್ಕ ಬರೋ ನ್ಯುಮೋನಿಯಾ. ವೆಂಟಿಲೇಟರ್ ಮ್ಯಾಲ ಇರೋರದಲ್ಲ, ಅದಕ್ಕ ಐಸಿಯುದಾಗ ಬ್ಯಾರೆ ಚೆಕ್‌ಲಿಸ್ಟ್ ಅದ. ತಾವೇ ಉಸಿರಾಡಕೋತ ವಾರ್ಡಿನಾಗ ಮಲಗಿರೋರದು. ತೊಡಿ ಎಲುಬು ಮುರಕೊಂಡ ಮುತ್ಯಾ, ಹೊಟ್ಟಿ ಆಪರೇಷನ್ ಆದ ಆಯಿ, ಇವರೇ ಜಾಸ್ತಿ. ರಾತ್ರಿ ಪಾಳಿಗೆ ಸಿಸ್ಟರ್ ಇಬ್ಬರೇ. ಫಿಜಿಯೊ ಹಗಲ ಒಮ್ಮಿ ಬರ್ತಾರ. ಹಂಗಾಗಿ ‘ಎಲ್ಲಾ ಮಾಡ್ರಿ’ ಅನ್ನೋ ಪಟ್ಟಿ ಬ್ಯಾಡ್ರಿ. ಯಾವುದು ಮೊದಲು, ಎಷ್ಟು ಸಲ, ಯಾರು ಮಾಡಬೇಕು, ಅದನ್ನ ಹೇಳ್ರಿ.

ಸೋಂಕು_ತಡೆ_ಸಿಸ್ಟರ್ (ಕಲಬುರಗಿ)

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಶುರುವಾದರೆ ಮಾತ್ರ ಅದು ಆಸ್ಪತ್ರೆಯ ನ್ಯುಮೋನಿಯಾ. ಬರುವಾಗಲೇ ಕೆಮ್ಮು ಕಫ ಇದ್ದವರನ್ನು ಸೇರಿಸಿದರೆ ನಿಮ್ಮ ಸಂಖ್ಯೆಗೆ ಅರ್ಥವಿಲ್ಲ. ತಿಂಗಳ ಹೊಸ ಪ್ರಕರಣಗಳನ್ನು ಆ ತಿಂಗಳ ಒಟ್ಟು ರೋಗಿ-ದಿನಗಳಿಂದ (ಪ್ರತಿ ದಿನ ಇದ್ದ ರೋಗಿಗಳ ಸಂಖ್ಯೆ ಕೂಡಿಸಿದ್ದು) ಭಾಗಿಸಿ 1000ದಿಂದ ಗುಣಿಸಿ. 600 ರೋಗಿ-ದಿನಕ್ಕೆ 3 ಪ್ರಕರಣ ಎಂದರೆ ಸಾವಿರಕ್ಕೆ 5. ಇಷ್ಟು ಸಣ್ಣ ವಾರ್ಡಿನಲ್ಲಿ ಒಂದೇ ತಿಂಗಳ ಸಂಖ್ಯೆ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಆರು ತಿಂಗಳದ್ದು ಕೂಡಿಸಿ ನೋಡಿ.

ಇನ್ನು ಕಾರಣ. ಈ ನ್ಯುಮೋನಿಯಾ ಹೆಚ್ಚಾಗಿ ಗಾಳಿಯಿಂದ ಬರುವುದಿಲ್ಲ, ರೋಗಿಯ ಬಾಯಿಂದಲೇ ಇಳಿಯುತ್ತದೆ. ಆಸ್ಪತ್ರೆ ಸೇರಿದ ಎರಡು ಮೂರು ದಿನದಲ್ಲಿ ಹಲ್ಲಿನ ಪಾಚಿಯಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ನಿದ್ದೆಯಲ್ಲಿ ಜೊಲ್ಲು ಸ್ವಲ್ಪ ಸ್ವಲ್ಪವೇ ಶ್ವಾಸನಾಳಕ್ಕೆ ಜಾರುವುದು ಎಲ್ಲರಿಗೂ ಇದ್ದದ್ದೇ. ಗಟ್ಟಿಯಾಗಿ ಕೆಮ್ಮುವವನಿಗೆ ಅದು ಲೆಕ್ಕಕ್ಕಿಲ್ಲ. ಹೊಲಿಗೆ ನೋವಿಗೆ ಕೆಮ್ಮಲು ಅಂಜುವ, ಅಂಗಾತ ಮಲಗಿದ, ಮಂಪರಿನಲ್ಲಿರುವ 75ರ ಅಜ್ಜನಿಗೆ ಅದೇ ರೋಗ. ಆದ್ದರಿಂದ ನನ್ನ ಕ್ರಮ: ಬಾಯಿ, ಬೆನ್ನು ಎತ್ತರ, ನೋವು, ನಡಿಗೆ. ಕೈ ತೊಳೆಯುವುದು ಈ ಎಲ್ಲದರ ಕೆಳಗಿನ ಚಪ್ಪಡಿ, ಅದನ್ನು ಕ್ರಮದಲ್ಲಿ ಎಣಿಸುವುದಿಲ್ಲ.

ಮೂಳೆ_ಸರ್ಜನ್

ಬಾಯಿಗೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ದಿನಕ್ಕೆರಡು ಸಲ ಬರೆದರೆ ಸಾಕಲ್ಲ? ಸ್ಟೋರಿನಲ್ಲಿ ಇದೆ, ಕೊಡುವುದೂ ಸುಲಭ.

ಲ್ಯಾಬ್_ಸೂಕ್ಷ್ಮಜೀವಿ (ಬೀದರ್)

ಸರ್, ಸುಲಭ ಅನ್ನೋದೇ ಅದರ ಗುಣ, ಬೇರೆ ಹೆಚ್ಚೇನಿಲ್ಲ. ವೆಂಟಿಲೇಟರ್ ರೋಗಿಗಳಿಗೆ ವರ್ಷಾನುಗಟ್ಟಲೆ ಅದನ್ನೇ ಹಚ್ಚಿದರು. 2022ರ ಅಮೆರಿಕದ ಸೋಂಕು ತಡೆ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟು, ಹಲ್ಲುಜ್ಜುವುದನ್ನು ಒಳಗೆ ತೆಗೆದುಕೊಂಡರು. ಪಾಚಿ ಅಂಟಿನ ಥರ ಹಿಡಿದಿರುತ್ತದೆ, ಉಜ್ಜದೆ ಬಿಡುವುದಿಲ್ಲ. ಔಷಧ ಅದರ ಮೇಲ್ಪದರಕ್ಕಷ್ಟೇ ತಾಗುತ್ತದೆ. ತಳ ಹಿಡಿದ ಪಾತ್ರೆಗೆ ಸೋಪಿನ ನೀರು ಹೊಯ್ದು ತಿಕ್ಕದೆ ಬಿಟ್ಟಂತೆ. ಹೃದಯದ ಆಪರೇಷನ್ನಿನವರ ವಿಷಯ ಬೇರೆ, ಅಲ್ಲಿ ಅದಕ್ಕೆ ಹಳೆಯ ಪುರಾವೆ ಇದೆ. ನಿಮ್ಮ ವಾರ್ಡಿಗೆ ಮೆತ್ತನೆಯ ಬ್ರಷ್ ಖರೀದಿಸಿ.

ಹಲ್ಲಿನ_ಡಾಕ್ಟರ್ (ಕಲಬುರಗಿ)

ಬ್ರಷ್ ಅಂದಾಕ್ಷಣ ಕೆಲಸ ಮುಗಿಯಲಿಲ್ಲ. ವಿವರ ಹೇಳುತ್ತೇನೆ.

ಹಲ್ಲಿದ್ದವರಿಗೆ: ಸಣ್ಣ ತಲೆಯ ಮೆತ್ತನೆ ಬ್ರಷ್, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಎರಡು ನಿಮಿಷ, ದಿನಕ್ಕೆ ಕನಿಷ್ಠ ಎರಡು ಸಲ. ಒಂದೇ ಸಲ ಆಗುವುದಾದರೆ ಬೆಳಿಗ್ಗೆಯದನ್ನು ಬಿಡಿ, ರಾತ್ರಿ ಮಲಗುವ ಮುಂಚಿನದನ್ನು ಬಿಡಬೇಡಿ. ನಮ್ಮ ಕಡೆ ಎಲ್ಲಾ ವಾರ್ಡಿನಲ್ಲೂ ಇದು ಉಲ್ಟಾ. ಪೇಸ್ಟ್ ಇಲ್ಲ ಅಂತ ನಿಲ್ಲಿಸಬೇಡಿ, ನೀರಲ್ಲಿ ಅದ್ದಿದ ಬ್ರಷ್ಷೂ ಕೆಲಸ ಮಾಡುತ್ತದೆ.

ಹಲ್ಲಿಲ್ಲದವರಿಗೆ ಬಾಯಿ ಸ್ವಚ್ಛ ಬೇಡ ಅನ್ನುವುದು ದೊಡ್ಡ ತಪ್ಪು. ಕೈಗವಸು ಹಾಕಿ, ಬೆರಳಿಗೆ ಗಾಜ್ ಸುತ್ತಿ, ಕುದಿಸಿ ಆರಿಸಿದ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಸಡು, ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆ ಒರೆಸಿ. ಹಿಂಡದಿದ್ದರೆ ಆ ನೀರೇ ಗಂಟಲಿಗಿಳಿಯುತ್ತದೆ. ನಾಲಿಗೆಯ ಹಿಂದಿನ ಮೂರನೇ ಒಂದು ಭಾಗಕ್ಕೆ ಹೋಗಬೇಡಿ, ವಾಂತಿ ಬರುತ್ತದೆ.

ಕಟ್ಟಿಸಿದ ಹಲ್ಲು: ರಾತ್ರಿ ತೆಗೆದು, ಸೋಪು ಹಚ್ಚಿ ಬ್ರಷ್‌ನಲ್ಲಿ ತಿಕ್ಕಿ, ಮುಚ್ಚಳದ ಡಬ್ಬಿಯಲ್ಲಿ ನೀರಿಗೆ ಹಾಕಿ. ಹಾಕಿಕೊಂಡೇ ಮಲಗುವ ಇಳಿವಯಸ್ಸಿನವರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಎಂದು 2015ರಲ್ಲಿ ಜಪಾನಿನ ಅಧ್ಯಯನವೊಂದು ಕಂಡಿತ್ತು.

ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುವ ಅಜ್ಜಿಯರು ಇಲ್ಲಿ ಇನ್ನೂ ಬಹಳ. ಅದನ್ನು ಆಸ್ಪತ್ರೆಗೂ ಸೆರಗಿನ ಗಂಟಿನಲ್ಲಿ ತರುತ್ತಾರೆ. ಬಯ್ಯಬೇಡಿ, ಬ್ರಷ್ ಕೈಗೆ ಕೊಡಿ.

ವಾರ್ಡ್_ಇನ್‌ಚಾರ್ಜ್

ತಾವೇ ಉಗುಳಲಾರದವರಿಗೆ ಹ್ಯಾಂಗ್ರಿ ಡಾಕ್ಟರೇ? ಸಕ್ಷನ್ ಮಷಿನ್ ವಾರ್ಡಿಗೆ ಒಂದೇ ಅದ.

ಹಲ್ಲಿನ_ಡಾಕ್ಟರ್

ಪಕ್ಕಕ್ಕೆ ಹೊರಳಿಸಿ, ಗಲ್ಲದ ಕೆಳಗೆ ಟವೆಲ್ ಹಾಸಿ, ಬಾಯಿಗೆ ನೀರು ಹಾಕದೆ ಒದ್ದೆ ಬ್ರಷ್ ಮಾತ್ರ. ಕೆಳಗಿನ ಕೆನ್ನೆಯಲ್ಲಿ ಸೇರುವ ಜೊಲ್ಲನ್ನು ಗಾಜ್‌ನಲ್ಲಿ ಎತ್ತಿ. ಪೇಸ್ಟ್ ಬೇಡ. ಮಷಿನ್ ಅನಿವಾರ್ಯವಲ್ಲ.

ಉಸಿರು_ಫಿಜಿಯೊ (ಕಲಬುರಗಿ)

ನನ್ನ ಪಾಲಿಂದು ಹೇಳ್ತೀನಿ. ಮೂರು ಚೆಂಡಿನ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಡಬ್ಬಿ) ಎಲ್ಲಾರೂ ತರಸ್ತಾರ, ನೂರಕ್ಕ ತೊಂಬತ್ತು ಮಂದಿ ತಪ್ಪು ಹಿಡೀತಾರ. ಊದೋದಲ್ರಿ ಅದು, ಎಳಕೊಳ್ಳೋದು. ಚೆಂಡುಗಳು 600, 900, 1200 ಮಿಲಿ ಪ್ರತಿ ಸೆಕೆಂಡಿನ ಹರಿವಿಗೆ ಏಳ್ತಾವ. ಮೂರೂ ಚೆಂಡು ಒಮ್ಮಿಗೇ ಹಾರಿಸಿ ಮುಗಿಸಿದ್ರ ಅದು ಜೋರು ತೋರ್ಸಿದಂಗ ಅಷ್ಟೇ, ಶ್ವಾಸಕೋಶದ ತಳ ತೆರೆಯಂಗಿಲ್ಲ. ಒಂದು ಚೆಂಡು ಏರಿಸಿ ಅಲ್ಲೇ 3 ಸೆಕೆಂಡ್ ನಿಲ್ಲಿಸಬೇಕು. ಎಚ್ಚರ ಇದ್ದಾಗ ಪ್ರತಿ ತಾಸಿಗೆ 10 ಸಲ. ನಡುವ ತಲಿ ಹಗುರ ಅನಿಸಿದ್ರ ನಿಲ್ಲಿಸಿ.

ಆದ್ರ ಆ ಡಬ್ಬಿ ಒಂದರ ಮ್ಯಾಲೇ ಭರೋಸಾ ಇಡಬ್ಯಾಡ್ರಿ. ಹೊಟ್ಟಿ ಆಪರೇಷನ್ ಆದವರಿಗೆ ಬರೇ ಸ್ಪೈರೋಮೀಟರ್ ಕೊಟ್ರ ಪ್ರಯೋಜನ ಆದದ್ದಕ್ಕ ಗಟ್ಟಿ ಪುರಾವೆ ಸಿಕ್ಕಿಲ್ಲ. ಕೆಲಸ ಮಾಡೋದು ಎರಡು: ಆಪರೇಷನ್ನಿಗೆ ಮೊದಲೇ ಕಲಿಸೋದು, ಮತ್ತ ಎಬ್ಬಿಸಿ ಕೂಡ್ಸೋದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಾಗ ಮಾಡಿದ ಒಂದು ಪ್ರಯೋಗ 2018ರಾಗ ಪ್ರಕಟ ಆತು. ಮೇಲ್ಹೊಟ್ಟಿ ಆಪರೇಷನ್ನಿಗೆ ಮೊದಲು ಫಿಜಿಯೊ ಬರೇ ಅರ್ಧ ತಾಸು ಒಮ್ಮಿ ಕಲಿಸಿದ್ದಕ್ಕೇ ಶ್ವಾಸಕೋಶದ ತೊಂದರಿ ಅರ್ಧಕ್ಕ ಇಳೀತು. ಆಪರೇಷನ್ ಆದ ಮ್ಯಾಲ ನೋವಿನಾಗ, ಮಂಪರಿನಾಗ ಇದ್ದಾಗ ಕಲಿಸಿದ್ದು ತಲಿಗೆ ಹೋಗಂಗಿಲ್ಲ. ಕಲಿಸೋದು ಅವರ ಭಾಷಾದಾಗೇ ಆಗ್ಲಿ. ಗುರುಮಠಕಲ್ ಕಡೆಯೋರಿಗೆ ತೆಲುಗು, ಬೀದರ್ ಗಡಿಯೋರಿಗೆ ಮರಾಠಿ, ಊರಾಗಿನವರಿಗೆ ದಖ್ಖನಿ ಉರ್ದು ಬೇಕಾಗ್ತದ.

ಕೆಮ್ಮೋದು: ದಿಂಬು ಅಥವಾ ಮಡಚಿದ ಚಾದರ ಹೊಲಿಗಿ ಮ್ಯಾಲ ಎರಡೂ ಕೈಲೆ ಅವಚಿ ಹಿಡಿಸಿ. ಮೂರು ಉದ್ದ ಉಸಿರು, ಆಮ್ಯಾಲ ಬಾಯಿ ತೆರೆದು, ಕನ್ನಡಿಗೆ ಉಬ್ಬಿ ಹೊಡದಂಗ ‘ಹಾ’ ಅಂತ ಎರಡು ಸಲ, ಆಮ್ಯಾಲ ಒಂದು ಕೆಮ್ಮು. ಗಂಟಲು ಹರಿಯೋಹಂಗ ಇಪ್ಪತ್ತು ಸಲ ಕೆಮ್ಮಿಸೋದು ಬ್ಯಾಡ.

ವಾರ್ಡ್_ಇನ್‌ಚಾರ್ಜ್

ಎಬ್ಬಿಸೋದು ಯಾವಾಗಿಂದ? ಸ್ಪೈನಲ್ (ಬೆನ್ನಿಗೆ ಚುಚ್ಚೋ ಅರಿವಳಿಕಿ) ಕೊಟ್ಟವರಿಗೆ 24 ತಾಸು ದಿಂಬಿಲ್ಲದ ಅಂಗಾತ ಮಲಗಸ್ರಿ ಅಂತ ಬರದಿರ್ತಾರಲ್ರಿ.

ಅರಿವಳಿಕೆ_ಬೀದರ್

ಈ ಸಾಲನ್ನು ಬರೆಯುವುದು ನಿಲ್ಲಬೇಕು. ಮಲಗಿಸುವುದರಿಂದ ಸ್ಪೈನಲ್ ತಲೆನೋವು ತಪ್ಪುವುದಿಲ್ಲ ಎಂದು ಬಹಳ ಹಿಂದೆಯೇ ಗೊತ್ತಾಗಿದೆ. ಅದೂ ಆ ತಲೆನೋವು ಪ್ರಾಯದವರ ಕಾಯಿಲೆ, 70 ದಾಟಿದವರಲ್ಲಿ ಅಪರೂಪ. ಇಲ್ಲದ ತಲೆನೋವಿಗೆ ಅಂಜಿ ಇರುವ ಶ್ವಾಸಕೋಶ ಕೆಡಿಸುತ್ತಿದ್ದೇವೆ. ಬಿಪಿ ಸರಿಯಿದ್ದರೆ ವಾರ್ಡಿಗೆ ಬಂದ ಕೂಡಲೇ ಬೆನ್ನು 30 ಡಿಗ್ರಿ ಎತ್ತಿಸಿ. ಕಾಲಿಗೆ ಪೂರ್ತಿ ಬಲ ಬರುವವರೆಗೆ ನಿಲ್ಲಿಸಬೇಡಿ, ಅಷ್ಟೇ.

ನೋವಿನ ಬಗ್ಗೆ. ನೋವಿದ್ದವನು ಕೆಮ್ಮುವುದಿಲ್ಲ, ಮಂಪರಿನವನು ನುಂಗುವುದಿಲ್ಲ. ಈ ಎರಡರ ನಡುವೆ ದಾರಿ ಹುಡುಕಬೇಕು. ‘ಬೇಕಾದರೆ ಕೊಡಿ’ ಅಂತ ಬರೆದ ಪ್ಯಾರಾಸಿಟಮಾಲ್ ನಮ್ಮ ಅಜ್ಜಂದಿರಿಗೆ ಯಾವತ್ತೂ ಸಿಗುವುದಿಲ್ಲ, ಏಕೆಂದರೆ ಅವರು ಕೇಳುವುದಿಲ್ಲ. 6 ಗಂಟೆಗೊಮ್ಮೆ ಹೊತ್ತು ಹಾಕಿ ಬರೆಯಿರಿ. 50 ಕೆಜಿಗಿಂತ ಕಡಿಮೆ ಇದ್ದರೆ 1 ಗ್ರಾಂ ಬಾಟಲಿ ಪೂರ್ತಿ ಬಿಡಬೇಡಿ, ಕೆಜಿಗೆ 15 ಮಿಗ್ರಾಂ ಲೆಕ್ಕ. 42 ಕೆಜಿಯ ಅಜ್ಜಿಗೆ 630 ಮಿಗ್ರಾಂ. ತೊಡೆ ಮೂಳೆ ಮುರಿದವರಿಗೆ ದಾಖಲಾದಾಗಲೇ ತೊಡೆಸಂದಿಯ ನರದ ಬ್ಲಾಕ್ ಕೊಟ್ಟರೆ ಟ್ರಮಡಾಲ್ (ಜೋರಿನ ನೋವಿನ ಔಷಧ) ಬಹುಪಾಲು ಕೊಡಬೇಕಾಗುವುದಿಲ್ಲ. ಟ್ರಮಡಾಲ್ ವಾಂತಿ ತರಿಸುತ್ತದೆ, ಕೆಲವರಿಗೆ ಗಲಿಬಿಲಿ. ‘ರಾತ್ರಿ ನಿದ್ದೆ ಬರಲಿ’ ಅಂತ ಆಲ್ಪ್ರಜೋಲಮ್ ಹೊಸದಾಗಿ ಶುರುಮಾಡಬೇಡಿ. ಮೊದಲಿಂದ ತಗೊಳ್ಳುತ್ತಿದ್ದವರಿಗೆ ದಿಢೀರನೆ ನಿಲ್ಲಿಸಲೂ ಬೇಡಿ.

ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ತಪ್ಪು ಥಿಯೇಟರಿನಲ್ಲೇ ಆಗಿರಬಹುದು. ಸ್ನಾಯು ಸಡಿಲಿಸುವ ಔಷಧ ಪೂರ್ತಿ ಇಳಿಯದೆ ಹೊರಗೆ ಕಳಿಸಿದರೆ ಗಂಟಲಿನ ಸ್ನಾಯು ಸೋತಿರುತ್ತದೆ. ತಲೆ 5 ಸೆಕೆಂಡ್ ಎತ್ತಿದ ಅನ್ನುವ ಪರೀಕ್ಷೆ ಸಾಲದು, ನರ ಪ್ರಚೋದಕ ಯಂತ್ರದಲ್ಲಿ ಸ್ನಾಯುವಿನ ನಾಲ್ಕನೇ ಸೆಳೆತಕ್ಕೂ ಮೊದಲನೆಯದಕ್ಕೂ ಇರುವ ಅನುಪಾತ 0.9 ಮುಟ್ಟಬೇಕು.

ಮೂಳೆ_ಸರ್ಜನ್

ಸ್ಪೈನಲ್ ಮಾತು ಒಪ್ಪಿದೆ. ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ: ತೊಡೆ ಮೂಳೆ ಮುರಿತದಲ್ಲಿ ಎಲ್ಲಕ್ಕಿಂತ ದೊಡ್ಡ ನ್ಯುಮೋನಿಯಾ ತಡೆ ಅಂದರೆ ಬೇಗ ಆಪರೇಷನ್. ದಾಖಲಾದ ದಿನ ಅಥವಾ ಮರುದಿನ. ‘ಫಿಟ್‌ನೆಸ್’ ಅಂತ ಎಕೋಗೆ (ಹೃದಯದ ಸ್ಕ್ಯಾನ್) ಐದು ದಿನ ಕಾಯಿಸಿ, ಕಾಲಿಗೆ ಭಾರ ಕಟ್ಟಿ ಟ್ರ್ಯಾಕ್ಷನ್‌ನಲ್ಲಿ ಮಲಗಿಸಿದರೆ ಆ ಐದು ದಿನದಲ್ಲೇ ಎದೆ ಕಟ್ಟುತ್ತದೆ. ಆಮೇಲೆ ಅರಿವಳಿಕೆಯವರು ಎದೆ ಸರಿಯಿಲ್ಲ ಅಂತ ಇನ್ನೂ ಮುಂದೂಡುತ್ತಾರೆ!

ಆಪರೇಷನ್ ಮರುದಿನ ಬೆಳಿಗ್ಗೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು 5 ನಿಮಿಷ, ಬಿಪಿ ನೋಡಿ, ತಲೆ ಸುತ್ತದಿದ್ದರೆ ಕುರ್ಚಿ. ಸೊಂಟದ ಕೀಲಿನ ಚೆಂಡು ಬದಲಿಸಿದವರಿಗೆ ಎತ್ತರದ ಕುರ್ಚಿ, ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಬೇಡ. ದಿನಕ್ಕೆ ಮೂರು ಸಲ, ಊಟದ ಹೊತ್ತಿಗೇ ಜೋಡಿಸಿದರೆ ನೆನಪಿರುತ್ತದೆ.

ಉಸಿರು_ಫಿಜಿಯೊ

30 ಡಿಗ್ರಿ ಅಂದ್ರ ಕಣ್ಣಳತಿ ಯಾವಾಗ್ಲೂ ಮೋಸ ಮಾಡ್ತದ. ಎಲ್ಲಾರೂ 15–20ಕ್ಕೇ 30 ಅಂತಾರ. ಬೆನ್ನಿನ ಹಲಗಿ ಉದ್ದ ಅಳೀರಿ. 70 ಸೆಂಮೀ ಇದ್ರ ಅದರ ತುದಿ ಚೌಕಟ್ಟಿನಿಂದ 35 ಸೆಂಮೀ ಮ್ಯಾಲ ಬಂದ್ರ 30 ಡಿಗ್ರಿ, ಸುಮಾರು 50 ಸೆಂಮೀ ಬಂದ್ರ 45. ಹಿಂದಿನ ಗ್ವಾಡಿಗೆ ಆ ಎತ್ತರಕ್ಕ ಕೆಂಪು ಟೇಪು ಹಚ್ಚಿಬಿಡ್ರಿ. ಹಿಡಿಕಿ ತಿರುಗದ ಮಂಚ ಇದ್ರ ಕುರ್ಚಿ ಬೋರಲು ಹಾಕಿ ಅದರ ಬೆನ್ನಿಗೆ ಎರಡು ದಿಂಬು. ಬರೇ ತಲಿ ಕೆಳಗ ಮೂರು ದಿಂಬು ಇಟ್ರ ಗದ್ದ ಎದಿಗೆ ಒತ್ತಿ, ಹೊಟ್ಟಿ ಮಡಚಿ, ಉಸಿರು ಇನ್ನಷ್ಟು ಕಟ್ತದ. ಕೆಳಗ ಜಾರೋರಿಗೆ ತೊಡಿ ಕೆಳಗ ದಿಂಬು ಕೊಡ್ರಿ, ಆದ್ರ ಮೊಣಕಾಲು ಬದಲಿಸಿದವರಿಗೆ ಬ್ಯಾಡ, ಮೊಣಕಾಲು ಮಡಚಿದಲ್ಲೇ ಕಟ್ಟಿಬಿಡ್ತದ.

ಸೋಂಕು_ತಡೆ_ಸಿಸ್ಟರ್

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ಗುಟುಕಿಗೆ ಮುಂಚೆ ರೋಗಿ ಎಚ್ಚರ ಇದ್ದಾರಾ, ನೆಟ್ಟಗೆ ಕೂತಿದ್ದಾರಾ ನೋಡಿ, ಒಂದು ಚಮಚ ನೀರು, ಮೂರು ಸಲ. ಸರಿಯಿದ್ದರೆ 90 ಮಿಲಿ ನಿಲ್ಲಿಸದೆ ಕುಡಿಸಿ. ಕೆಮ್ಮಿದರೆ, ಕುಡಿದ ಮೇಲೆ ದನಿ ಗೊರಗೊರ ಅಂದರೆ, ನಿಲ್ಲಿಸಿ ಡಾಕ್ಟರಿಗೆ ಹೇಳಿ. ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಇರುವವರು ಕೆಮ್ಮದೆಯೇ ತಪ್ಪು ದಾರಿಗೆ ಇಳಿಸಿಕೊಳ್ಳುತ್ತಾರೆ, ಅವರಲ್ಲಿ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ.

ನಮ್ಮ ಕಡೆಯದೇ ಒಂದು ಅಪಾಯ: ತಂಬಿಗೆ ಎತ್ತಿ ಕುಡಿಯುವುದು. ತುಟಿ ತಾಗಿಸದೆ, ತಲೆ ಹಿಂದಕ್ಕೆ ಚೆಲ್ಲಿ ಮೇಲಿಂದ ಹೊಯ್ದುಕೊಳ್ಳುವ ಮಡಿಯ ರೂಢಿ. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ಬಾಯಿ ತೆರೆದಿರುತ್ತದೆ. ಅಜ್ಜನಿಗೆ ಅವರದೇ ಲೋಟ ಕೊಡಿ, ತುಟಿ ಹಚ್ಚಿ, ಗದ್ದ ಕೊಂಚ ಕೆಳಗೆ ಮಾಡಿ ಸಣ್ಣ ಗುಟುಕು. ಹಲ್ಲಿಲ್ಲದವರಿಗೆ ಕಟಕ ರೊಟ್ಟಿ ಬೇಡ. ನುಚ್ಚು, ಮೆತ್ತನ್ನ ಅನ್ನ ಸಾರು, ಹಾಲಲ್ಲಿ ಕಿವುಚಿದ ಬಿಸಿರೊಟ್ಟಿ ನಡೆಯುತ್ತದೆ. ತಿಂದ ಮೇಲೆ ಅರ್ಧದಿಂದ ಒಂದು ಗಂಟೆ ಕೂತಿರಲಿ. ಮಲಗಿದಲ್ಲೇ ಬಾಯಿಗೆ ಚಹಾ ಹೊಯ್ಯುವುದನ್ನು ಕಂಡರೆ ಯಾರೇ ಆಗಲಿ ಕೈ ಹಿಡಿದು ನಿಲ್ಲಿಸಿ.

ಮೂಗಿನಿಂದ ಹೊಟ್ಟೆಗಿಳಿಸಿದ ನಳಿಕೆ ‘ಗ್ಯಾಸ್ ಹೋಗಲಿ’ ಅಂತ ಬಿಟ್ಟಿದ್ದರೆ ಯಾಕಿದೆ ಅಂತ ದಿನಾ ಕೇಳಿ. ಅದರ ಬದಿಯಿಂದಲೇ ಹೊಟ್ಟೆಯ ನೀರು ಮೇಲೇರುತ್ತದೆ.

ಲ್ಯಾಬ್_ಸೂಕ್ಷ್ಮಜೀವಿ

ಆಕ್ಸಿಜನ್ ಬಾಟಲಿ! ಗುಳ್ಳೆ ಬರುವ ಆ ಬಾಟಲಿಗೆ ಯಾರು ಯಾವ ನೀರು ಹಾಕುತ್ತಾರೆ ಅಂತ ಒಮ್ಮೆ ಸುಮ್ಮನೆ ನಿಂತು ನೋಡಿ. ಪೇಷಂಟ್ ಕಡೆಯವರು ನಲ್ಲಿಯಿಂದ ತುಂಬಿಸುತ್ತಾರೆ. ಕ್ಯಾನ್ ನೀರು ಕುಡಿಯಲು ಸರಿ, ಸ್ಟೆರೈಲ್ (ಜೀವಾಣುರಹಿತ) ಅಲ್ಲ. ಕಡಿಮೆಯಾದಾಗ ಮೇಲೆ ಮೇಲೆ ತುಂಬಿಸಿದರೆ ಸೂಡೊಮೊನಾಸ್ ಬ್ಯಾಕ್ಟೀರಿಯಾಗೆ ತೊಟ್ಟಿ ಕಟ್ಟಿಕೊಟ್ಟಂತೆ. ಮೂಗಿನ ಆಕ್ಸಿಜನ್ ನಳಿಕೆಯಲ್ಲಿ ನಿಮಿಷಕ್ಕೆ 4 ಲೀಟರ್‌ವರೆಗೆ ಆ ನೀರು ಬೇಕಾಗಿಯೇ ಇಲ್ಲ, ಬಾಟಲಿ ಒಣಗಿಸಿಯೇ ಹಾಕಿ. ಅದಕ್ಕಿಂತ ಹೆಚ್ಚಿದ್ದರೆ ಸ್ಟೆರೈಲ್ ನೀರು, ದಿನಾ ಪೂರ್ತಿ ಚೆಲ್ಲಿ, ಬಾಟಲಿ ತೊಳೆದು ಒಣಗಿಸಿ, ಹೊಸದು. ಬಾಟಲಿ ಮೇಲೆ ತಾರೀಖು.

ನೆಬ್ಯುಲೈಸರ್ ಕಪ್ಪು ಒಬ್ಬರಿಗೆ ಒಂದು. ಪ್ರತಿ ಸಲ ಉಳಿದದ್ದು ಚೆಲ್ಲಿ, ಸ್ಟೆರೈಲ್ ನೀರಲ್ಲಿ ತೊಳೆದು, ಬಿಚ್ಚಿಯೇ ಒಣಗಿಸಿ. ಸೂಜಿ ಚುಚ್ಚಿ ಬಿಟ್ಟ 100 ಮಿಲಿ ಸಲೈನ್ ಬಾಟಲಿ ಇಡೀ ವಾರ್ಡಿಗೆ ಓಡಾಡುವುದು ಇವತ್ತೇ ನಿಲ್ಲಲಿ.

ಮೂಳೆ_ಸರ್ಜನ್

ಇಷ್ಟೆಲ್ಲಾ ಆಗುವವರೆಗೆ ಒಂದು ವಾರ ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕ್ ನಡೆಸಿದರೆ ಎದೆಗೂ ರಕ್ಷಣೆ ಅಲ್ಲವೇ?

ಲ್ಯಾಬ್_ಸೂಕ್ಷ್ಮಜೀವಿ

ಇಲ್ಲ ಸರ್. ಗಾಯಕ್ಕೆ ಬೇಕಾದದ್ದು ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಸೆಫಜೋಲಿನ್ 2 ಗ್ರಾಂ. ಆಪರೇಷನ್ ಮುಗಿದ ಮೇಲೆ ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ವಾರದ ಸೆಫ್ಟ್ರಿಯಾಕ್ಸೋನ್ ಬಾಯಿಯ ಸಾಧು ಜೀವಿಗಳನ್ನು ಕೊಂದು, ಅದಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾಗೆ ಜಾಗ ಖಾಲಿ ಮಾಡಿಕೊಡುತ್ತದೆ. ಆಮೇಲೆ ಬರುವ ನ್ಯುಮೋನಿಯಾಗೆ ಮೆರೊಪೆನೆಮ್‌ನಂಥ ಜೋರಿನ ಆಂಟಿಬಯೋಟಿಕ್ ಕೂಡ ಕೆಲಸ ಮಾಡದಿರಬಹುದು. ಕಾರಣವಿಲ್ಲದೆ ಎಲ್ಲರಿಗೂ ಬರೆಯುವ ಪ್ಯಾಂಟೊಪ್ರಜೋಲ್ (ಆಸಿಡಿಟಿ ಔಷಧ) ಬಗ್ಗೆಯೂ ಇದೇ ತಕರಾರು.

ಫಾರ್ಮಸಿ_ಕೋಣೆ

ಕೈಗೆ ಹಚ್ಚುವ ದ್ರವ ಸ್ಟೋರಿನಲ್ಲಿ ಖಾಲಿಯಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಇಲ್ಲೇ ಮಾಡಬಹುದು. 10 ಲೀಟರಿಗೆ: 99.8% ಐಸೊಪ್ರೊಪೈಲ್ ಆಲ್ಕೋಹಾಲ್ 7515 ಮಿಲಿ, 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, 98% ಗ್ಲಿಸರಾಲ್ 145 ಮಿಲಿ, ಉಳಿದದ್ದು ಕುದಿಸಿ ಆರಿಸಿದ ನೀರು. ಸಣ್ಣ ಬಾಟಲಿಗೆ ತುಂಬಿ 72 ಗಂಟೆ ಮುಟ್ಟದೆ ಇಡಿ, ಬಾಟಲಿಯಲ್ಲಿದ್ದ ಸ್ಪೋರ್‌ಗಳು (ಗಟ್ಟಿ ಕವಚದ ಜೀವಾಣುಗಳು) ಅಷ್ಟರಲ್ಲಿ ಸಾಯಬೇಕು. ನಮ್ಮ ಬೇಸಿಗೆಯಲ್ಲಿ ಕಿಟಕಿ ಬಿಸಿಲಿಗೆ ಇಡಬೇಡಿ, ಬೆಂಕಿಗೆ ಹತ್ತುವ ವಸ್ತು. ಬಾಟಲಿ ನರ್ಸ್ ಮೇಜಿನ ಮೇಲಲ್ಲ, ಪ್ರತಿ ಮಂಚದ ಕಾಲ್ದೆಸೆಗೆ. 20–30 ಸೆಕೆಂಡ್ ಒಣಗುವವರೆಗೆ ತಿಕ್ಕಬೇಕು. ಕೈಗೆ ಕಣ್ಣಿಗೆ ಕಾಣುವ ಕೊಳೆಯಿದ್ದರೆ ಇದು ನಡೆಯದು, ಸೋಪು ನೀರೇ.

ವಾರ್ಡ್_ಇನ್‌ಚಾರ್ಜ್

ರಾತ್ರಿ ಪಾಳಿ ಸಿಸ್ಟರ್‌ಗೆ ‘ಈಗ ಶುರುವಾಗ್ಯದ’ ಅಂತ ಹ್ಯಾಂಗ ತಿಳೀಬೇಕು? ಹಿರಿಯರಿಗೆ ಎಷ್ಟೋ ಸಲ ಜ್ವರಾನೇ ಬರಂಗಿಲ್ಲ ಅಂತಾರಲ್ರಿ.

ಅರಿವಳಿಕೆ_ಬೀದರ್

ಉಸಿರು ಎಣಿಸಿ. ಪೂರ್ತಿ 60 ಸೆಕೆಂಡ್. ಚಾರ್ಟಿನಲ್ಲಿ ಎಲ್ಲರಿಗೂ 18 ಅಂತ ಬರೆದಿದ್ದರೆ ಯಾರೂ ಎಣಿಸಿಲ್ಲ ಅಂತ ಅರ್ಥ. ನಿನ್ನೆ 18, ಇವತ್ತು 24 ಅಂದರೆ ಡಾಕ್ಟರನ್ನು ಎಬ್ಬಿಸಿ. ಹೊಸದಾಗಿ ಮಾತು ಅಡ್ಡಾದಿಡ್ಡಿ, ರಾತ್ರಿ ಊಟ ಬೇಡ ಅನ್ನುವುದು, ಆಕ್ಸಿಜನ್ ಮಟ್ಟ 92ರ ಕೆಳಗೆ: ಇವು ಜ್ವರಕ್ಕಿಂತ ಮೊದಲು ಬರುತ್ತವೆ. ಹಳೆಯ ಉಬ್ಬಸದ ಕಾಯಿಲೆಯವರಿಗೆ (ಸಿಒಪಿಡಿ, ಆಸ್ತಮಾ ಅಲ್ಲ) ಗುರಿ 88–92. ನೆನಪಿಡಿ, ಬೀಡಿ ಮುಟ್ಟದ ಅಜ್ಜಿಯರಲ್ಲೂ ಅದು ಇರುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಒಲೆಯ ಮುಂದೆ ನಲವತ್ತು ವರ್ಷ ಕೂತವರು. ದಾಖಲಾತಿಯಲ್ಲಿ ‘ಧೂಮಪಾನ ಇಲ್ಲ’ ಅಂತ ಬರೆದು ಮುಂದೆ ಹೋಗಬೇಡಿ, ಒಲೆ ಯಾವುದು ಅಂತ ಕೇಳಿ.

ವಾರ್ಡ್_ಇನ್‌ಚಾರ್ಜ್

ಭಾಳ ಛಲೋ ಆತು. ಉಳಿದದ್ದು ಒಂದೇ. ಬ್ರಷ್, ಕುರ್ಚಿ, ಊಟ, ಇವು ಜೊತಿಗಿರೋರ ಕೈಲೇ ಆಗಬೇಕು. ಅವರು ದಿನಾ ಬದಲಿ. ಇವತ್ತು ಮಗ, ನಾಳಿ ಸೊಸಿ, ನಾಡದು ಬೀಗರು.

ಸೋಂಕು_ತಡೆ_ಸಿಸ್ಟರ್

ಹಾಗಾಗಿ ಕಲಿಸುವುದನ್ನು ವ್ಯಕ್ತಿಗೆ ಕಟ್ಟಬೇಡಿ, ಹೊತ್ತಿಗೆ ಕಟ್ಟಿ. ರಾತ್ರಿ ಜೊತೆಗಿರುವವರು ಬಂದು ಕೂರುವುದು ಸಂಜೆ 7ರ ಸುಮಾರಿಗೆ, ಆಗಲೇ ಪಾಳಿಯೂ ಬದಲಾಗುತ್ತಿದ್ದರೆ ಇನ್ನೂ ಒಳ್ಳೆಯದು. ಹೋಗುವ ಸಿಸ್ಟರ್ ಮತ್ತು ಬರುವ ಸಿಸ್ಟರ್ ಸೇರಿ ಹಿರಿಯರ ಮಂಚಗಳ ಮುಂದೆ ಐದು ನಿಮಿಷ. ಆ ದಿನ ಯಾರಿದ್ದಾರೋ ಅವರ ಕೈಯಿಂದಲೇ ಬ್ರಷ್ ಮಾಡಿಸಿ, ನೀವು ಮಾಡಿ ತೋರಿಸಬೇಡಿ. ಓದು ಬಾರದವರಿಗೆ ಮಂಚಕ್ಕೆ ಚಿತ್ರದ ಕಾರ್ಡ್: ಬ್ರಷ್, ಕುರ್ಚಿ, ಲೋಟ. ಟಿಪಿಆರ್ (ಜ್ವರ, ನಾಡಿ, ಉಸಿರು ಬರೆಯುವ) ಚಾರ್ಟಿನಲ್ಲೇ ಮೂರು ಕಾಲಂ ಗೆರೆ ಎಳೆಯಿರಿ, ಹೊಸ ರಿಜಿಸ್ಟರ್ ಮಾಡಬೇಡಿ, ಯಾರೂ ತುಂಬುವುದಿಲ್ಲ. ಬ್ರಷ್ ಕಾಲಂ ಖಾಲಿಯಿದ್ದರೆ ಮರುದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರೇ ಕೇಳಬೇಕು, ಮಾತ್ರೆ ತಪ್ಪಿದಾಗ ಕೇಳುವ ಹಾಗೆ.

ಮೂಳೆ_ಸರ್ಜನ್

ಕೇಳುತ್ತೇನೆ. ಸ್ಪೈನಲ್ ಸಾಲನ್ನೂ ಸೋಮವಾರದಿಂದ ಕೇಸ್ ಶೀಟಿನಿಂದ ಹೊಡೆದುಹಾಕಿಸುತ್ತೇನೆ.

ಹಲ್ಲಿನ_ಡಾಕ್ಟರ್

ಒಂದು ಮರೆತಿದ್ದೆ. ಹಲ್ಲಿನ ಸೆಟ್ ಡಬ್ಬಿ ಮೇಲೆ ಹೆಸರು, ಮಂಚದ ನಂಬರ್ ಬರೆಯಿರಿ. ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟ ಸೆಟ್ ಚಾದರದ ಜೊತೆ ಲಾಂಡ್ರಿಗೆ ಹೋಗುತ್ತದೆ, ಆಮೇಲೆ ಅಜ್ಜನಿಗೆ ತಿಂಗಳುಗಟ್ಟಲೆ ಗಂಜಿಯೇ ಗತಿ.